ಡಬ್ಬಿ ನಡುಗಿಸಿದ ಕಾರು

ಗೆಳೆಯರೇ, ವಾರಕ್ಕೊಂದೇ ಮಧ್ಯಾಹ್ನದ ನಿದ್ದೆ ನನ್ನದು. ಇವತ್ತು ಅದೂ ಹೋಯಿತು. ಕೆಳಗೆ ನಿಂತಿದ್ದ ಕಾರಿನ ಸ್ಪೀಕರ್ ಬಡಿತಕ್ಕೆ ಮೂರನೇ ಮಹಡಿಯ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಗಡಗಡ ನಡುಗುತ್ತಿದ್ದವು.

ಇಳಿದು ಹೋಗಿ, ಇಪ್ಪತ್ತು ವರ್ಷ ಪುಣೆಯಲ್ಲಿದ್ದು ಕಲಿತ ಮರಾಠಿಯನ್ನೆಲ್ಲ ಸುರಿದು ಕಾರಿನವನನ್ನು ಬೈದೆ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಯುವಕ ಅವನು. ಅವನೂ ಮರಾಠಿಯಲ್ಲೇ ತಿಳಿಹೇಳಿದ: ಇದು ಹಿಪ್ ಹಾಪ್, ಅಮೆರಿಕದ ಬಡ ಓಣಿಗಳ ಹುಡುಗರು ತಮ್ಮ ಮಾತು ಯಾರೂ ಕೇಳುವುದಿಲ್ಲವೆಂದು ಜೋರಾಗಿ ಹಚ್ಚಿದ ಸಂಗೀತ. ‘ನಿನ್ನದನ್ನು ಮೂರು ಓಣಿ ಕೇಳಿಯಾಯಿತು, ಇನ್ನು ಸಾಕು’ ಎಂದೆ. ಅವನ ಮರಾಠಿ ನನ್ನದಕ್ಕಿಂತ ಕೆಟ್ಟದಾಗಿತ್ತು. ನಾನು ಗೆಲ್ಲುವ ಲಕ್ಷಣವಿತ್ತು.

ಅಷ್ಟರಲ್ಲಿ ಹೆಂಡತಿ ಬಾಲ್ಕನಿಯಿಂದ ಕರೆದಳು: “ಸಾಕು ಬರ್ರಿ, ಚಾ ಆರ್ತದ.”

ಯುವಕ ಹಾಡು ನಿಲ್ಲಿಸಿದ. “ಕಾಕಾ, ನೀವು ಕನ್ನಡದವರೇನ್ರಿ? ಮೊದ್ಲ ಹೇಳಬಾರ್ದೇನ್ರಿ. ನಮ್ದು ಇಂಡಿ.”

ನಮ್ಮದು ಸಿಂದಗಿ. ಪಕ್ಕದ ತಾಲೂಕಿನವನನ್ನು ಪರಊರಿನಲ್ಲಿ ಬೈಯುವುದು ಹೇಗೆ? “ಮ್ಯಾಲೆ ಬಾ, ಚಾ ಕುಡಿ” ಎಂದುಬಿಟ್ಟೆ.

“ಬರ್ತೀನ್ರಿ. ಅದಕ್ಕಿಂತ ಮೊದ್ಲ ನಾನ ಬರ್ದು ಹಾಡಿದ್ದು ಒಂದು ಕೇಳ್ರಿ. ಕನ್ನಡದಾಗ ಅದ. ಇಲ್ಲಿ ಯಾರಿಗೂ ತಿಳಿಯಂಗಿಲ್ರಿ.”

ನನ್ನ ಮೇಲಿನ ಗೌರವಕ್ಕೆ ಸದ್ದು ಪೂರ್ತಿ ಏರಿಸಿದ. ಚಹಾ ಆರಿತು. ಡಬ್ಬಿಗಳು ಈಗಲೂ ನಡುಗುತ್ತಿವೆ, ಕನ್ನಡದಲ್ಲಿ.