ಜೀರುಂಡೆಗಳು ಸುಮ್ಮನಾದ ದಾರಿ

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನೇ ನಾನು. ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ಆದರೆ ಕಣಕುಂಬಿಯ ಆ ಸಂಜೆ ನೆನಪಾದಾಗ ನಗು ಮಾತ್ರ ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಜೀರುಂಡೆಗಳು ಒಂದಕ್ಕೊಂದು ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದೇ ಆಗ ನನ್ನ ಸಂಶೋಧನೆ. ಬೆಳಗಾವಿಯ ರವಿವಾರ ಪೇಟೆಯ ಗೆಳೆಯರಿಗೆ ನಾನು 'ಹುಳದ ಡಾಕ್ಟರ್'. "ಏನಪಾ, ಇವತ್ತ ನಿನ್ನ ಪೇಷಂಟ್ ಏನ್ ಅಂದ್ವು?" ಎಂದು ಕಾಡುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಟೇಪ್ ರೆಕಾರ್ಡರ್ ಹೊತ್ತು, ಖಾನಾಪುರದಲ್ಲಿ ಬಸ್ಸು ಬದಲಿಸಿ, ಕಣಕುಂಬಿಯ ಗೋದಾಬಾಯಿಯ ಮನೆಯಲ್ಲಿ ಉಳಿಯುವುದು ನನ್ನ ರೂಢಿ.

ಗೋದಾಬಾಯಿಯ ಗಂಡ ಗೋವೆಯ ಕಡೆ ಕೆಲಸಕ್ಕೆ ಹೋದವರು ಎಷ್ಟೋ ವರ್ಷವಾದರೂ ತಿರುಗಿ ಬಂದಿರಲಿಲ್ಲ. ಊರವರು ಆಸೆ ಬಿಟ್ಟಿದ್ದರು. ಈಕೆ ಬಿಟ್ಟಿರಲಿಲ್ಲ. "ಹೋಗ್ತೀನಿ ಅಂದಿಲ್ರೀ ಅವರು. ಖರೇನ, ಹೋಗಿ ಬರ್ತೀನಿ ಅಂದಾರ," ಎನ್ನುತ್ತಿದ್ದಳು. ನಾವೆಲ್ಲ ದಿನಾ ಆಡುವ ಮಾತದು. ಆಕೆ ಅದನ್ನೇ ಹಿಡಿದು ಕೂತಿದ್ದಳು.

ಅಂದು ಮುಸ್ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಜೀರುಂಡೆಗಳ ಸದ್ದು ಹಿಡಿಯಲು ಟೇಪ್ ಹಾಕಿ ಕೂತಿದ್ದೆ. ಮಂಜು ಇಳಿಯುತ್ತಿತ್ತು. ಅಂಗಳದ ಹುಲ್ಲೆಲ್ಲ ಒಂದೇ ಸಮ ಹಾಡುತ್ತಿತ್ತು, ನನಗೆ ಜೋಂಪು ಹತ್ತುವಂತಿತ್ತು. ನೆಲ ತುಸು ಅದುರಿದರೂ ಜೀರುಂಡೆ ಸುಮ್ಮನಾಗುತ್ತದೆ. ಯಾರಾದರೂ ನಡೆದು ಬಂದರೆ ಅವರ ಜೊತೆಗೇ ಮೌನವೂ ನಡೆದು ಬರುತ್ತದೆ. ಕಾಡಂಚಿನ ಕಾಲುದಾರಿಯಲ್ಲಿ ಸದ್ದು ನಿಂತಿತು. ಆಮೇಲೆ ಅದಕ್ಕಿಂತ ಈಚೆ. ಆಮೇಲೆ ಬೇಲಿಯ ಹತ್ತಿರ. ಆಯಾಸಗೊಂಡ ಮನುಷ್ಯ ನಡೆಯುವ ಹಾಗೆ, ನಿಧಾನವಾಗಿ, ಮೌನ ಅಂಗಳ ದಾಟಿ ಕಟ್ಟೆಯ ಬುಡಕ್ಕೆ ಬಂದು ನಿಂತಿತು. ದಾರಿಯಲ್ಲಿ ಯಾರೂ ಇರಲಿಲ್ಲ.

ಗೋದಾಬಾಯಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಖಾಲಿ ಅಂಗಳ ನೋಡಿ, "ಬರ್ರಿ, ಕುಂದರ್ರಿ," ಎಂದಳು. ನನಗೆ ಹೇಳಿದ್ದಲ್ಲ, ನಾನಾಗಲೇ ಕೂತಿದ್ದೆ. ಹೆದರಿದೆ, ಚೆನ್ನಾಗಿಯೇ ಹೆದರಿದೆ. ಆದರೂ ಏಕೋ ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಂಗಳವೆಲ್ಲ ಒಮ್ಮೆಲೇ ಮತ್ತೆ ಹಾಡತೊಡಗಿತು. ಆಕೆಯ ಮುಖ ಬಿಳಿಚಿಕೊಂಡಿತು. "ನಿಮ್ಮ ಮಶಿನ್‌ನ್ಯಾಗ ಕೇಳಿ ಹೇಳ್ರಿ. ಹೊಳ್ಳಿ ಹೋದ್ರೇನ್ರಿ ಅವರು?"

ಟೇಪು ತಿರುಗಿಸಿ ಇಬ್ಬರೂ ಕಿವಿಗೊಟ್ಟೆವು. ಬರುವಾಗಿನ ಮೌನ ಅದರಲ್ಲಿತ್ತು, ಹೆಜ್ಜೆ ಹೆಜ್ಜೆಗೂ ಇತ್ತು. ಹೋಗುವಾಗಿನದು ಇರಲಿಲ್ಲ.

"ಇಲ್ರೀ. ಹೊಳ್ಳಿ ಹೋಗಿಲ್ಲ," ಎಂದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತು ಅತ್ತಳು.

ಹಾವಿರಬಹುದು, ತಂಪು ಗಾಳಿ ಇರಬಹುದು ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹಾವಾದರೂ ತಿರುಗಿ ಹೋಗಬೇಕಲ್ಲ? ಇಂದಿಗೂ ನನಗೆ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಹೊರಟಾಗ ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತನ್ನು ತಡೆದು ಹಿಡಿದೆ. ನಿಜವಾಗಿ ಬರುತ್ತೇನೆಯೇ ಎಂದು ಒಂದು ಗಳಿಗೆ ಯೋಚಿಸಿ, ಆಮೇಲಷ್ಟೇ ಹೇಳಿದೆ: "ಹೋಗಿ ಬರ್ತೀನ್ರೀ."