ಹತ್ತಕ್ಕೆ ನಾಲ್ಕು ಕಡಿಮೆ

ನಮ್ಮ ಯೆಹೂದಿ ಬೇಸಿಗೆ ಕ್ಯಾಂಪಿನಲ್ಲಿ ಮಕ್ಕಳನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಜನರನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು ‘ಒಂದಲ್ಲ, ಎರಡಲ್ಲ, ಮೂರಲ್ಲ’ ಎನ್ನಬೇಕು. ಸರೋವರಕ್ಕೆ ಇಳಿಯುವ ಮೊದಲು, ಎದ್ದು ಬಂದ ಮೇಲೆ, ಮತ್ತೆ ಊಟದ ಬಾಗಿಲಲ್ಲಿ ಕೌನ್ಸೆಲರ್ ತಿರ್ಜಾ ಗೆಲ್ಮನ್ ತನ್ನ ಉಸ್ತುವಾರಿಯ ಹನ್ನೊಂದು ಹುಡುಗಿಯರನ್ನು ಹೀಗೆ ಎಣಿಸುತ್ತಿದ್ದಳು. ಎಣಿಸುವ ಕೌನ್ಸೆಲರನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಇಪ್ಪತ್ತೆರಡು ಬೇಸಿಗೆ ಅಲ್ಲಿ ಅಡುಗೆ ಮಾಡಿದ ನಾನು ಇದನ್ನು ಕಿಟಕಿಯಿಂದ ನೋಡಿದ್ದೇನೆ.

ಅವಳಿಗೆ ಇಪ್ಪತ್ತಾರು. ಉಳಿದ ಕೌನ್ಸೆಲರುಗಳೆಲ್ಲ ಮೊನ್ನೆ ಮೊನ್ನೆ ಹೈಸ್ಕೂಲು ಮುಗಿಸಿದವರು. ಅವಳ ಓರಗೆಯವರು ಮದುವೆ, ಕೆಲಸ ಎಂದು ಚದುರಿಹೋಗಿದ್ದರು. ಇವಳು ಮಾತ್ರ ಜೂನ್ ಬಂತೆಂದರೆ ಅದೇ ಹಸಿರು ಟ್ರಂಕು ಎಳೆದುಕೊಂಡು ಬಂದಿಳಿಯುತ್ತಿದ್ದಳು.

“ಏನಮ್ಮಾ ತಿರ್ಜಾ, ಪೆನ್ಷನ್ ಯಾವಾಗಿಂದ?” ಎಂದು ದೋಣಿ ಕಲಿಸುವ ಎಜ್ರಾ ಕೆಣಕುತ್ತಿದ್ದ.

“ನಿನ್ ಮಗ ಕ್ಯಾಂಪಿಗೆ ಬರ್ಲಿ ಕಣೋ, ಆಮೇಲೆ,” ಎನ್ನುತ್ತಿದ್ದಳು. ಆಮೇಲೆ ನನ್ನ ಅಡುಗೆಮನೆಯ ಹಿತ್ತಲ ಮೆಟ್ಟಿಲಿಗೆ ಬಂದು ಒಬ್ಬಳೇ ಕೂರುತ್ತಿದ್ದಳು.

ತಾಯಿ ಮೊದಲೇ ಇರಲಿಲ್ಲ. ತಂದೆ ಹಿಂದಿನ ವರ್ಷ ಕ್ಯಾಂಪ್ ನಡೆಯುತ್ತಿರುವಾಗಲೇ ತೀರಿಕೊಂಡಿದ್ದರು. ಈಗ ಮೊದಲ ವರ್ಷದ ತಿಥಿ. ಅವತ್ತು ತೀರಿಕೊಂಡವರಿಗಾಗಿ ಕದ್ದಿಷ್ ಪ್ರಾರ್ಥನೆ ಹೇಳಬೇಕು, ಅದಕ್ಕೆ ಹತ್ತು ಜನ ಸೇರಲೇಬೇಕು. ಹದಿಮೂರು ತುಂಬದವರು ಲೆಕ್ಕಕ್ಕಿಲ್ಲ. ಬಾಯಿಬಿಟ್ಟು ಕೇಳುವ ಹೆಣ್ಣಲ್ಲ ಅವಳು. ನೋಟೀಸು ಹಲಗೆಗೆ ಒಂದು ಚೀಟಿ ಅಂಟಿಸಿದಳು: ‘ತಮ್ಮೂಜ್ ತಿಂಗಳ ಇಪ್ಪತ್ತಮೂರು, ಅಪ್ಪನ ತಿಥಿ. ಬೆಳಗ್ಗೆ ಆರೂಮುಕ್ಕಾಲಿಗೆ ಸರೋವರದ ಬೆಂಚುಗಳ ಹತ್ತಿರ.’

ಹಿಂದಿನ ದಿನ ಕೌನ್ಸೆಲರುಗಳಿಗೆ ರಜೆ. ಊರು ಸುತ್ತಿ ಬಂದು ಬಿದ್ದುಕೊಂಡವರು ಏಳಲಿಲ್ಲ. ಬೆಂಚುಗಳ ಹತ್ತಿರ ಪ್ರಾರ್ಥನೆ ನಡೆಸುವ ರಬ್ಬಿ, ನರ್ಸ್, ತೋಟದ ಮುದುಕ ದಂಪತಿ, ನಾನು ಮತ್ತು ತಿರ್ಜಾ. ಆರೇ ಜನ. ನನಗೆ ಮೈಯೆಲ್ಲ ಉರಿಯಿತು.

“ಎಲ್ರನ್ನೂ ಕಿವಿ ಹಿಡಿದು ಎಬ್ಬಿಸ್ಕೊಂಡ್ ಬರ್ತೀನಿ,” ಎಂದೆ.

“ಬೇಡ ಫ್ರೂಮಾ. ಎಳ್ಕೊಂಡ್ ಬಂದು ನಿಲ್ಲಿಸಿದ್ರೆ ಅಪ್ಪಂಗೇ ನಾಚಿಕೆ.”

ಅಷ್ಟರಲ್ಲಿ ಇಳಿಜಾರಿನಲ್ಲಿ ಚಪ್ಪಲಿಗಳ ಪಟಪಟ ಸದ್ದು. ಅವಳ ಹನ್ನೊಂದು ಹುಡುಗಿಯರೂ ಮಲಗುವ ಬಟ್ಟೆಯಲ್ಲೇ, ಕೆದರಿದ ತಲೆಯಲ್ಲೇ ಓಡಿ ಬಂದರು. ಲಿಬಿ ಎಂಬ ಮೋಟು ಜಡೆಯವಳು ಮುಂದೆ ನಿಂತು ಬೆರಳು ತೋರಿಸಿ ಎಣಿಸಿದಳು: “ಒಂದಲ್ಲ, ಎರಡಲ್ಲ… ಹನ್ನೊಂದಲ್ಲ! ನಾವೇ ಹತ್ತಕ್ಕಿಂತ ಜಾಸ್ತಿ ಇದೀವಿ. ಹೇಳು ತಿರ್ಜಾ!”

ಎಲ್ಲರಿಗೂ ಹತ್ತೇ ವರ್ಷ. ರಬ್ಬಿ ನೆಲ ನೋಡಿದರು. ತಿರ್ಜಾ ಮಂಡಿಯೂರಿ ಕೂತು, ಒಬ್ಬಳ ಗುಂಡಿ ಹಾಕುತ್ತ, ಹದಿಮೂರಾಗಬೇಕೆಂದು ಹೇಳಿದಳು.

“ಹಂಗಾದ್ರೆ ಮೂರ್ ವರ್ಷ ಆದ್ಮೇಲೆ ಬರ್ತೀವಿ. ನೀನಿರ್ತೀಯಾ?”

“ಇರ್ತೀನಿ,” ಎಂದಳು.

ಅವತ್ತು ಕದ್ದಿಷ್ ಆಗಲಿಲ್ಲ. ಮಧ್ಯಾಹ್ನ ನನ್ನ ಜೊತೆ ಕ್ಯಾರೆಟ್ ಹೆರೆಯುತ್ತ, “ಮಕ್ಕಳಿಗೆ ಸುಳ್ ಹೇಳ್ಬಿಟ್ಟೆ. ಇದೇ ನನ್ ಕೊನೇ ಬೇಸಿಗೆ,” ಎಂದಳು. ಕ್ಲೀವ್‌ಲ್ಯಾಂಡಿನಲ್ಲಿ ಯಾವುದೋ ಲೈಬ್ರರಿಯ ಕೆಲಸ. ವಿಳಾಸ ಬರೆದುಕೊಟ್ಟಳು. ನಾನದನ್ನು ಮಸಾಲೆ ಡಬ್ಬಗಳ ಹಿಂದೆ ಸಿಕ್ಕಿಸಿದೆ.

ಹುಡುಗಿಯರು ಮಾತ್ರ ಆ ತಾರೀಕನ್ನು ಕೋಣೆಯ ಗೋಡೆಯ ಮೇಲೆ, ತಮ್ಮ ಹೆಸರುಗಳ ಪಕ್ಕ, ಬರೆದಿಟ್ಟಿದ್ದರು. ಮೂರನೇ ವರ್ಷ ಆ ಬೆಳಗ್ಗೆ ನಾನು ಬೆಂಚುಗಳ ಹತ್ತಿರ ಹೋದರೆ ಏಳು ಜನ ಉದ್ದುದ್ದ ಹುಡುಗಿಯರು ಕಾಯುತ್ತಿದ್ದರು. ರಬ್ಬಿ, ನರ್ಸ್, ನಾನು. ಲಿಬಿ ಮೆಲ್ಲಗೆ ಎಣಿಸಿದಳು. ಹತ್ತು ಜನ ಸರಿಯಾಗಿ ಸೇರಿದ್ದೆವು.

“ತಿರ್ಜಾ ಎಲ್ಲಿ?”

ಬರಲ್ಲ, ಕ್ಲೀವ್‌ಲ್ಯಾಂಡಿನಲ್ಲಿದ್ದಾಳೆ ಎಂದೆ.

“ನಾವು ಬರ್ತೀವಿ ಅಂತ ಅವಳಿಗೆ ಗೊತ್ತಾ? ನೀನು ಬರೆದಿದ್ಯಾ ಫ್ರೂಮಾ?”

ವಿಳಾಸದ ಚೀಟಿ ಮಸಾಲೆ ಡಬ್ಬಗಳ ಹಿಂದೆಯೇ ಇತ್ತು. ಆ ಮೂರು ವರ್ಷದಲ್ಲಿ ನಾನು ಅವಳಿಗೆ ಒಂದು ಸಾಲೂ ಬರೆದಿರಲಿಲ್ಲ.