ಬ್ರೇಕಿನಲ್ಲಿ ಕೂತ ಗಾಳಿ

ಆಗ ನನಗೆ ಅರವತ್ತೊಂದು. ಇದು ನಡೆದು ಒಂಬತ್ತು ವರ್ಷವಾಯಿತು. ಪಲ್ಲಾವರದಲ್ಲಿರುವ ತಂಗಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾದರೂ ನಾನು ಹೋಗಿ ನೋಡಿರಲಿಲ್ಲ. ಮಂಡಿ ನೋವಿಗೆ ಬಸ್ಸಿನ ಮೆಟ್ಟಿಲು ಹತ್ತಲಾರೆ, ಮೈಲಾಪೂರಿನಿಂದ ಅಷ್ಟು ದೂರ ಆಟೋದಲ್ಲಿ ಕಾಲು ಮಡಚಿ ಕೂರಲಾರೆ. ನಮ್ಮ ಹಳೆಯ ಕಾರೇ ಗತಿ. ಅದರ ಬ್ರೇಕು ಕೆಟ್ಟಿತ್ತು.

"ಇವತ್ತು ಸರಿಹೋಗದಿದ್ರೆ ನಾಳೆ ಗುಜರಿಯವನು ತಗೊಂಡು ಹೋಗ್ಲಿ. ಬರೋಕೆ ಹೇಳಿಬಿಟ್ಟಿದೀನಿ" ಅಂದರು ನಮ್ಮ ಯಜಮಾನರು.

ಮುಂದಿನ ಎರಡು ಚಕ್ರದ ಬ್ರೇಕನ್ನೂ ಅವರೇ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ್ದರು. ಇನ್ನು ಒಳಗೆ ಸೇರಿದ ಗಾಳಿ ತೆಗೆಯಬೇಕು. ನಾನು ಕಾರಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯುವುದು; ಅವರು ಚಕ್ರದ ಹತ್ತಿರ ಕೂತು ತಿರುಪು ಸಡಿಲಿಸಿ, ಆಯಿಲ್ ಜೊತೆಗೆ ಗಾಳಿ ಬಿಟ್ಟು, ಮತ್ತೆ ಬಿಗಿಯುವುದು.

"ಒತ್ತು... ಹಿಡ್ಕೋ... ಬಿಡು."

ಊಟದ ಹೊತ್ತು ದಾಟಿತು. ಎರಡು ಡಬ್ಬ ಆಯಿಲ್ ಮುಗಿಯಿತು. ಪೆಡಲ್ ಮಾತ್ರ ಇಡ್ಲಿ ತುಳಿದ ಹಾಗೆ ಮೆತ್ತಗೆ ನೆಲ ಮುಟ್ಟುತ್ತಿತ್ತು.

"ನೀನು ಸರಿಯಾಗಿ ಒತ್ತುತಾ ಇಲ್ಲ ಕಣೇ."

"ರೀ, ನಲವತ್ತು ವರ್ಷ ನಿಮ್ಮನೆ ರುಬ್ಬುಗುಂಡು ತಿರುಗಿಸಿದೀನಿ. ನನಗೆ ಶಕ್ತಿ ಇಲ್ವಾ?"

"ಅದು ಕೈ. ಇದು ಕಾಲು."

ಇಳಿದು ನೋಡಿದೆ. ಗಾಳಿ ಬಿಡುವ ತಿರುಪು ಬ್ರೇಕಿನ ತಳದಲ್ಲಿತ್ತು. ನಮ್ಮ ಮನೆಯ ನೀರಿನ ಮೋಟಾರಿಗೆ ಗಾಳಿ ಹಿಡಿದರೆ ಬಿಡಿಸುವವಳು ನಾನೇ. ಅದರ ತಿರುಪು ನೆತ್ತಿಯ ಮೇಲಿದೆ.

"ಗಾಳಿ ಮೇಲೆ ಕೂತಿರುತ್ತೆ. ನೀವು ಕೆಳಗೆ ಬಿಚ್ತಾ ಇದ್ದೀರಿ. ಹೇಗೆ ಬರುತ್ತೆ?"

"ಸುಮ್ನಿರು. ಕಾರು ಮಾಡಿದವನು ಹಾಗೇ ಮಾಡಿರ್ತಾನೆ."

"ಅವನು ಮಾಡಿದ್ದೋ, ನೀವು ಮಾಡಿದ್ದೋ?"

ಎದ್ದು ಆಚೆ ಚಕ್ರ ನೋಡಿದರು. ಅಲ್ಲೂ ಕೆಳಗೇ. ತಲೆ ಕೆರೆದುಕೊಂಡರು. ಎಡಗಡೆಯ ಬ್ರೇಕನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂಡಿಸಿದ್ದರು; ಮೇಲಿರಬೇಕಾದ ತಿರುಪು ತಲೆಕೆಳಗಾಗಿತ್ತು! ಮೂವತ್ತು ವರ್ಷ ರೈಲು ಡಬ್ಬಿ ರಿಪೇರಿ ಮಾಡಿದ ಮನುಷ್ಯ. ನಾನು ಹೊಟ್ಟೆ ಹಿಡಿದು ನಕ್ಕೆ. ಅವರಿಗೂ ನಗು ಬಂತು.

"ಯಾರಿಗೂ ಹೇಳ್ಬೇಡ ಕಣೇ" ಅಂದರು. ಹೇಳಲಿಲ್ಲ. ಈಗ ಬರೆದಿದ್ದೇನೆ.

ಅದಲುಬದಲು ಮಾಡಿ ಕೂಡಿಸಿದರು. ಮತ್ತೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಬರುವುದು ನಿಂತಿತು, ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಬೀದಿಯಲ್ಲಿ ಒಂದು ಸುತ್ತು ಮೆಲ್ಲಗೆ ಓಡಿಸಿ ನೋಡಿದರು. ನಿಲ್ಲಿಸಿದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಗುಜರಿಯವನು ಗೇಟಿನ ಹತ್ತಿರ ನಿಂತು, "ವಂಡಿ ಎಂಗಮ್ಮಾ?" ಅಂದ, ಗಾಡಿ ಎಲ್ಲಮ್ಮಾ ಅಂತ. ನಾನು ಆ ವಂಡಿಯ ಮುಂದಿನ ಸೀಟಿನಲ್ಲೇ ಕೂತಿದ್ದೆ, ಮಡಿಲಲ್ಲಿ ತಂಗಿಗೆ ಸಾರಿನ ಪುಡಿಯ ಡಬ್ಬ.

"ಪಲ್ಲಾವರಂ ಪೋಗುದಪ್ಪಾ", ಪಲ್ಲಾವರಕ್ಕೆ ಹೊರಟಿದೆಯಪ್ಪಾ ಅಂದು, ಅವನ ಕೈಲೇ ಗೇಟು ತೆಗೆಸಿದೆ.